ಮೂರನೇ ದಿನದ ಬೆಳಕು

ರಫ್ ಬುಕ್, ಫೇರ್ ಬುಕ್ ಅಂತ ಎರಡೆರಡು ಪುಸ್ತಕ ಇಡಿಸುವ ಪದ್ಧತಿಯನ್ನು ಯಾರು ಶುರು ಮಾಡಿದರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಎದುರಿಗೆ ಕೂಡಿಸಿಕೊಂಡು ನಾಲ್ಕು ಮಾತು ಕೇಳುತ್ತಿದ್ದೆ. ವಿಜ್ಞಾನ ಓದಿದವರಿಗೆ ಇದು ಗೊತ್ತಿರುತ್ತದೆ, ಓದದವರಿಗೆ ಹೇಳುತ್ತೇನೆ. ಪ್ರಯೋಗ ಮಾಡುವಾಗ ಕಣ್ಣಿಗೆ ಕಂಡದ್ದನ್ನೆಲ್ಲ ಪೆನ್ಸಿಲಿನಲ್ಲಿ ಗೀಚಿಕೊಳ್ಳುವುದು ರಫ್ ಬುಕ್ಕಿನಲ್ಲಿ. ಆಮೇಲೆ ಮನೆಗೆ ಹೋಗಿ, ಸ್ಕೇಲು ಹಿಡಿದು ಗೆರೆ ಎಳೆದು, ನೀಲಿ ಶಾಯಿಯಲ್ಲಿ ಚಂದ ಮಾಡಿ ಬರೆಯುವುದು ಫೇರ್ ಬುಕ್ಕಿನಲ್ಲಿ. ಸಹಿ ಬೀಳುವುದು ಫೇರ್ ಬುಕ್ಕಿಗೆ. ಸಹಿ ಬಿದ್ದ ಮೇಲೆ ರಫ್ ಬುಕ್ಕನ್ನು ಕೇಳುವವರಿಲ್ಲ, ಅದು ರದ್ದಿಗೆ ಹೋಗುತ್ತದೆ. ಕಂಡದ್ದು ರದ್ದಿಗೆ, ಚಂದ ಮಾಡಿದ್ದು ಕಪಾಟಿಗೆ. ಈ ಪದ್ಧತಿಯಲ್ಲಿ ಬೆಳೆದ ನಾನು ಒಂದು ನಕ್ಷತ್ರವನ್ನೇ ಕಳೆದುಕೊಂಡೆ, ಅದರ ಸಿಟ್ಟು ಇನ್ನೂ ಇಳಿದಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ದಿನಾ ಕಮಲಾಪುರದಿಂದ ಬಸ್ಸು ಹತ್ತಿ ಕಲಬುರಗಿಯ ಕಾಲೇಜಿಗೆ ಬರುತ್ತಿದ್ದೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದೇ ಹಾಗಿತ್ತು ಅಂದುಕೊಂಡು ಉಳಿದವರು ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಅವ್ವ ಊರಿನ ಕೆಂಪು ಬಾಳೆ ತೋಟಗಳಲ್ಲಿ ಕೂಲಿಗೆ ಹೋಗುತ್ತಿದ್ದಳು, ಅಪ್ಪ ಇರಲಿಲ್ಲ. ನಮ್ಮ ಓಣಿಯಲ್ಲಿ ವಿಜ್ಞಾನ ತೆಗೆದುಕೊಂಡ ಮೊದಲ ಹುಡುಗಿ ನಾನೇ ಅಂತ ಎಲ್ಲರೂ ಹೇಳುತ್ತಿದ್ದರು. ಅದನ್ನು ಕೇಳುವಾಗ ಖುಷಿಗಿಂತ ಹೆದರಿಕೆ ಜಾಸ್ತಿ ಆಗುತ್ತಿತ್ತು.

ಬೆಳಕನ್ನು ನಾನು ನಿಜವಾಗಿ ಮೊದಲು ನೋಡಿದ್ದು ಆ ಕಾಲೇಜಿನ ಕತ್ತಲೆ ಕೋಣೆಯಲ್ಲಿ. ಸೋಡಿಯಂ ದೀಪ ಹಚ್ಚಿದರೆ ಮೊದಲು ಗುಲಾಬಿ ಬಣ್ಣ, ಸ್ವಲ್ಪ ಹೊತ್ತಿಗೆ ಹಳದಿ. ಆ ಬೆಳಕನ್ನು ಸಣ್ಣ ಸೀಳಿನಿಂದ ಬಿಟ್ಟು, ಒತ್ತೊತ್ತಾಗಿ ಗೀರು ಹಾಕಿದ ಗಾಜಿನ ಮೂಲಕ ಹಾಯಿಸಿದರೆ ದುರ್ಬೀನಿನಲ್ಲಿ ಒಂದು ಹಳದಿ ಗೆರೆ ಕಾಣುತ್ತದೆ. ಆ ಗೆರೆ ಎಲ್ಲಿದೆ ಅನ್ನುವುದನ್ನು ಅಳೆದರೆ ಬೆಳಕಿನ ತರಂಗದ ಉದ್ದ ಸಿಗುತ್ತದೆ. ನಾನು ಮೂರು ಸಲ ಅಳೆದೆ. ಮೂರು ಸಲವೂ ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ಬಂತು.

ಪ್ರಯೋಗಶಾಲೆಯ ಮೇಷ್ಟ್ರು ಕನ್ನಡಕ ಮೇಲೆ ಮಾಡಿ ನೋಡಿದರು. "ಪುಸ್ತಕದಾಗ ಎಷ್ಟದ?"

"ಐದು ಸಾವಿರದ ಎಂಟುನೂರಾ ತೊಂಬತ್ಮೂರು ರೀ."

"ಮತ್ತ ನಿಂದು?"

"ಐದು ಸಾವಿರದ ಆರುನೂರರ ಹತ್ರ ಬರ್ಲಕತ್ತದ ರೀ. ಮೂರು ಸಲ ನೋಡೀನಿ."

"ಅಂದ್ರ ಪುಸ್ತಕ ಬರದವರಿಗಿಂತ ನೀ ಶಾಣ್ಯಾಕಿ ಆದಿ." ಹಿಂದೆ ನಿಂತವರು ನಕ್ಕರು. ಸಹಿ ಬೀಳಲಿಲ್ಲ.

ಪಕ್ಕದ ಟೇಬಲಿನ ಗೆಳತಿ ಅವತ್ತೇ ನನಗೆ ವಿದ್ಯೆ ಹೇಳಿಕೊಟ್ಟಳು. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡುತ್ತಾ ಹೋಗಬೇಕು, ಯಾವ ಕೋನ ಬಂದರೆ ಪುಸ್ತಕದ ಉತ್ತರ ಬರುತ್ತದೋ ಆ ಕೋನ ಬರೆಯಬೇಕು, ಅನುಮಾನ ಬರಬಾರದೆಂದು ಅಲ್ಲಲ್ಲಿ ಒಂದೊಂದು ಅಂಕಿ ತಪ್ಪಿಸಬೇಕು. ಇದಕ್ಕೆ ರೀಡಿಂಗ್ ಹೊಂದಿಸುವುದು ಅಂತ ಹೆಸರು. ಹೊಂದಿಸಿದೆ, ಸಹಿ ಬಿತ್ತು, ಜೊತೆಗೆ ‘ಗುಡ್’ ಅಂತಲೂ ಬಿತ್ತು. ವರ್ಷದ ಕೊನೆಗೆ ಆ ಗಾಜನ್ನು ಒರೆಸುತ್ತಿದ್ದ ಅಟೆಂಡರ್ ಮಾತಿಗೆ ಮಾತು ಬಂದು ಹೇಳಿದ, ಹಳೆಯ ಚೌಕಟ್ಟು ಒಡೆದಿದ್ದಕ್ಕೆ ಬೇರೆ ಗಾಜಿನ ಚೌಕಟ್ಟಿಗೆ ಅದನ್ನು ಕೂಡಿಸಿದ್ದನಂತೆ. ನಾವೆಲ್ಲ ಲೆಕ್ಕಕ್ಕೆ ಹಿಡಿಯುತ್ತಿದ್ದ, ಚೌಕಟ್ಟಿನ ಮೇಲೆ ಬರೆದ ಗೀರುಗಳ ಸಂಖ್ಯೆ ಆ ಗಾಜಿನದಲ್ಲವೇ ಅಲ್ಲ. ನನ್ನ ಮೂರೂ ಅಳತೆ ಸರಿಯಾಗಿದ್ದವು. ವರ್ಷವಿಡೀ ನಲವತ್ತು ಮಂದಿ ಆ ತಪ್ಪು ಗಾಜಿನಿಂದ ಸರಿ ಉತ್ತರ ತೆಗೆದಿದ್ದರು, ಒಬ್ಬರಿಗೂ ಸಂಶಯ ಬಂದಿರಲಿಲ್ಲ.

ಎಂ.ಎಸ್ಸಿ. ಆಯಿತು, ಒಂದಿಷ್ಟು ವರ್ಷ ಅಲ್ಲಿ ಇಲ್ಲಿ ತಾತ್ಕಾಲಿಕ ಪಾಠ ಹೇಳಿದೆ, ತೊಂಬತ್ತರ ದಶಕದ ಕೊನೆಗೆ ಸಂಶೋಧನೆಗೆ ಸೇರಿದೆ. ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ, ಶನಿವಾರ ಮಾತ್ರ ಊರಿಗೆ. ನನ್ನ ಮಾರ್ಗದರ್ಶಕರು ನಿಧಾನದ, ಯಾರ ಮೇಲೂ ದನಿ ಏರಿಸದ ಮನುಷ್ಯ. ಸಿಡಿಯುವ ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ ಯಾವುದು ಯಾವ ಜಾತಿಯದು ಅಂತ ಹೇಳುವುದು ಅವರ ಕೆಲಸ. ದೂರದ ರಾಜ್ಯವೊಂದರ ವೀಕ್ಷಣಾಲಯದಲ್ಲಿ ಅವರ ಗೆಳೆಯರಿದ್ದರು. ಅವರು ದುರ್ಬೀನು ತಿರುಗಿಸಿ ಬೆಳಕು ಹಿಡಿದು ಕಂಪ್ಯೂಟರ್ ಟೇಪಿನಲ್ಲಿ ತುಂಬಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದರು. ನನಗೂ ಅಲ್ಲಿಗೆ ಹೋಗಬೇಕೆಂದು ಆಸೆಯಿತ್ತು. ಹೆಣ್ಣುಮಗಳು ಗುಡ್ಡದ ಮೇಲೆ ಒಬ್ಬಳೇ ಹೇಗೆ ಇರುತ್ತೀ ಅಂದರು ಮಾರ್ಗದರ್ಶಕರು, ಅಲ್ಲಿಗೆ ಆ ಮಾತು ಮುಗಿಯಿತು.

ಇಂಥ ಸ್ಫೋಟದಲ್ಲಿ ನಕ್ಷತ್ರದ ಚೂರುಗಳು ನಾಲ್ಕೂ ದಿಕ್ಕಿಗೆ ಹಾರುತ್ತವೆ. ನಮ್ಮ ಕಡೆಗೆ ಹಾರಿ ಬರುವ ಪದರ ತನ್ನ ಹಿಂದಿನಿಂದ ಬರುವ ಬೆಳಕಿನಲ್ಲಿ ಕೆಲವು ಬಣ್ಣಗಳನ್ನು ನುಂಗುತ್ತದೆ. ಬೆಳಕನ್ನು ನೀಲಿಯಿಂದ ಕೆಂಪಿನವರೆಗೆ ಉದ್ದಕ್ಕೆ ಹರಡಿ ಗೆರೆ ಎಳೆದರೆ, ನುಂಗಿದ ಕಡೆಯಲ್ಲೆಲ್ಲ ಒಂದೊಂದು ತಗ್ಗು ಬೀಳುತ್ತದೆ. ಆ ಪದರ ಎಷ್ಟು ವೇಗವಾಗಿ ಬರುತ್ತಿದೆಯೋ ಅಷ್ಟು ಆ ತಗ್ಗು ನೀಲಿಯ ಕಡೆಗೆ ಸರಿದಿರುತ್ತದೆ. ಎಲ್ಲರಿಗೂ ಪರಿಚಯವಿರುವ ಒಂದು ಜಾತಿಯಲ್ಲಿ ಸಿಲಿಕಾನ್ ಎಂಬ ಧಾತುವಿನ ತಗ್ಗು ಕೆಂಪು ಭಾಗದಲ್ಲಿ ಹೆಚ್ಚೂ ಕಡಿಮೆ ಒಂದೇ ಜಾಗದಲ್ಲಿ ಬೀಳುತ್ತದೆ. ಅದು ಅಲ್ಲಿ ಕಂಡರೆ ಜಾತಿ ಬರೆದು ಮುಂದಕ್ಕೆ ಹೋಗುವುದು, ಅಷ್ಟೇ ಕೆಲಸ.

ಒಂದು ಬೇಸಿಗೆಯಲ್ಲಿ ಹೊಸ ಸ್ಫೋಟವೊಂದರ ಟೇಪು ಬಂತು. ಸ್ಫೋಟ ಕಣ್ಣಿಗೆ ಬಿದ್ದ ಮೂರನೇ ದಿನವೇ ಹಿಡಿದ ಬೆಳಕು ಅದು. ಅಷ್ಟು ಬೇಗ ಹಿಡಿಯುವುದು ನಮ್ಮಂಥವರಿಗೆ ಅಪರೂಪ. ಯಾಕೆಂದರೆ ಈ ಬೆಳಕು ದಿನದಿನಕ್ಕೆ ಬದಲಾಗುತ್ತದೆ, ಮೊದಲ ದಿನಗಳಲ್ಲಿ ಹೊರಗಿನ ಪದರ ಕಾಣುತ್ತದೆ, ಅದು ತೆಳುವಾಗುತ್ತಾ ಹೋದಂತೆ ಒಳಗಿನದು. ತಪ್ಪಿಸಿಕೊಂಡ ದಿನ ಮತ್ತೆ ಸಿಗುವುದಿಲ್ಲ.

ಇಡೀ ವಿಭಾಗಕ್ಕೆ ಆ ಕೆಲಸಕ್ಕಿದ್ದದ್ದು ಒಂದೇ ಕಂಪ್ಯೂಟರು. ನಾವು ನಾಲ್ವರು ಪಾಳಿ ಹಚ್ಚಿಕೊಂಡು ಕೂಡುತ್ತಿದ್ದೆವು. ಮಧ್ಯಾಹ್ನ ಕರೆಂಟು ಹೋದರೆ ಆ ದಿನದ ಕೆಲಸ ಹೋದಂತೆಯೇ. ನನ್ನ ಪಾಳಿ ಬೆಳಿಗ್ಗೆ ಇತ್ತು. ಗೆರೆ ಪರದೆಯ ಮೇಲೆ ಮೂಡಿತು. ಸಿಲಿಕಾನ್ ತಗ್ಗು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕೆಂಪಿನ ಕಡೆಗೆ ಬಹಳ ಹೊರಗೆ ಇತ್ತು, ಉಳಿದವುಗಳಿಗಿಂತ ಕಿರಿದಾಗಿಯೂ ಇತ್ತು. ಲೆಕ್ಕ ಹಾಕಿದರೆ ಉಳಿದವುಗಳ ಅರ್ಧದಷ್ಟು ವೇಗ. ಇಷ್ಟು ಸಾವಕಾಶ ಸಿಡಿಯುವ ಈ ಜಾತಿಯ ನಕ್ಷತ್ರವನ್ನು ನಾನು ಓದಿರಲಿಲ್ಲ, ಕೇಳಿರಲಿಲ್ಲ.

ಅಳತೆಯ ಕ್ಯಾಲಿಬ್ರೇಷನ್ ತಪ್ಪಿರಬಹುದೆಂದು ಮೊದಲು ನನ್ನನ್ನೇ ಸಂಶಯಪಟ್ಟೆ. ಅದನ್ನು ಪರೀಕ್ಷಿಸಲು ಒಂದು ದಾರಿ ಇದೆ. ನಮ್ಮ ಭೂಮಿಯ ಆಕಾಶವೇ ಸ್ವಲ್ಪ ಹಸಿರು ಬೆಳಕು ಬಿಡುತ್ತದೆ, ಆ ಹಸಿರು ಗೆರೆ ಎಲ್ಲಿ ಬೀಳಬೇಕೆಂದು ಖಚಿತವಾಗಿ ಗೊತ್ತಿದೆ. ನಕ್ಷತ್ರದ ಬೆಳಕಿನ ಜೊತೆ ಅದೂ ಟೇಪಿನಲ್ಲಿ ಬಂದಿರುತ್ತದೆ, ಆಮೇಲೆ ನಾವದನ್ನು ಕಳೆದುಬಿಡುತ್ತೇವೆ. ಕಳೆಯುವ ಮುಂಚಿನ ಫೈಲು ತೆಗೆದು ನೋಡಿದೆ. ಹಸಿರು ಗೆರೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಅಂದರೆ ಅಳತೆ ಸರಿ, ನಕ್ಷತ್ರವೇ ಬೇರೆ. ಆ ಕುರ್ಚಿಯಲ್ಲಿ ಒಬ್ಬಳೇ ಕೂತು ನಕ್ಕದ್ದು ನೆನಪಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಲಿಲ್ಲ.

ಪ್ರಿಂಟು ತೆಗೆದುಕೊಂಡು ಓಡಿದೆ. ಮಾರ್ಗದರ್ಶಕರು ಬೆರಳಿನಿಂದ ತಗ್ಗನ್ನು ಮುಟ್ಟಿ ನೋಡಿದರು.

"ಕ್ಯಾಲಿಬ್ರೇಷನ್ ತಪ್ಪ್ಯದವಾ."

"ಇಲ್ಲ ಸರ್, ಹಸರು ಗೆರಿ ನೋಡೀನಿ. ಸರಿ ಅದ."

"ಅದು ಸರಿ ಇದ್ರ ಇದು ಹಿಂಗ್ಯಾಕ ಬರ್ತದ? ಸ್ವಲ್ಪ ಎಡಕ್ಕ ಸರಿಸಿ ನೋಡು, ಹೊಂದ್ತದ. ಮ್ಯಾಲ ಒರಟು ಕಾಣ್ತದ, ನಯ ಮಾಡು."

"ಸರ್, ಸರಿಸಿದ್ರ ಸುಳ್ಳಾಗ್ತದ ರೀ."

ಅವರು ಸಿಟ್ಟಾಗಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಮೆಲ್ಲಗೆ ಹೇಳಿದರು, "ಹಿಂಗೇ ಕಳಿಸಿದ್ರ ಹೊರಗಿನ ವಿಜ್ಞಾನಿಗಳು ಏನಂತಾರ ಗೊತ್ತೇನು? ಹೊಸಾ ನಕ್ಷತ್ರ ಸಿಕ್ಕದ ಅನ್ನಂಗಿಲ್ಲ. ಕಲಬುರ್ಗಿ ಮಂದಿಗೆ ಕ್ಯಾಲಿಬ್ರೇಷನ್ ಬರಂಗಿಲ್ಲ ಅಂತಾರ. ಹೊಂದಿಸಿ ತಾ, ಸಹಿ ಮಾಡ್ತೀನಿ."

ಹನ್ನೆರಡು ಹದಿಮೂರು ವರ್ಷದ ಹಿಂದೆ ಕೇಳಿದ ಮಾತನ್ನೇ ಇನ್ನೊಬ್ಬರ ಬಾಯಿಂದ ಕೇಳಿದ ಹಾಗಾಯಿತು. ನನ್ನ ಅವಧಿ ಮುಗಿಯಲು ಕೆಲವೇ ತಿಂಗಳಿತ್ತು. ಅವರ ಸಹಿ ಇಲ್ಲದೆ ಪ್ರಬಂಧ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಆ ಶನಿವಾರ ಊರಿಗೆ ಹೋದಾಗ ಅವ್ವ ಇನ್ನೂ ತೋಟದಲ್ಲೇ ಇದ್ದಳು, ಅಲ್ಲಿಗೇ ಹೋದೆ. ಕೆಂಪು ಗೊನೆಗಳ ನಡುವೆ ಒಂದೇ ಒಂದು ಗಿಡ ಹಸಿರು ಗೊನೆ ಹಾಕಿತ್ತು. ಕೆಂಪು ಬಾಳೆಯಲ್ಲಿ ಹಾಗೆ ಆಗುವುದುಂಟು. ಅವ್ವ ಅದರ ಬೊಡ್ಡೆಗೆ ಹಳೆಯ ಸೀರೆಯ ಚಿಂದಿ ಕಟ್ಟಿದ್ದಳು.

"ಕಡದು ಒಗೀಲಿಲ್ಲಲ್ಲ?" ಅಂದೆ.

"ಯಾಕ ಒಗೀಬೇಕು? ಇದು ಬ್ಯಾರೆ ಅದ ಅಂತ ಗುರ್ತ ಮಾಡೀನಿ. ನಾಳೆ ನಡಲಿಕ್ಕ ಬುಡದ ಮರಿ ಕೀಳೋರಿಗೆ ಗೊತ್ತಾಗಬೇಕಲ್ಲ."

ನಾನು ಎಲ್ಲಾ ಹೇಳಿದೆ. ನಕ್ಷತ್ರ, ತಗ್ಗು, ಸರಿಸುವುದು. ಅವ್ವನಿಗೆ ಅರ್ಥವಾಗಬೇಕಾದ್ದೆಲ್ಲ ಅರ್ಥವಾಯಿತು. ಕೈಯ ಮಣ್ಣು ಒರೆಸಿಕೊಂಡು ಅಂದಳು, "ಸರ್ ಅಂದಂಗ ಮಾಡಿಬಿಡು. ಸಹಿ ಮುಖ್ಯ."

"ನೀ ಗಿಡಕ್ಕ ಚಿಂದಿ ಕಟ್ಟತಿ, ನನಗ ಮಾತ್ರ ಹಿಂಗ ಹೇಳ್ತಿ."

"ಗಿಡಕ್ಕ ನೌಕರಿ ಬೇಕಾಗಿಲ್ಲ," ಅಂದಳು. ನಾನು ಅವತ್ತು ರೊಟ್ಟಿ ಸೈತ ತಿನ್ನಲಿಲ್ಲ, ಸಂಜೆಯ ಬಸ್ಸಿಗೇ ವಾಪಸ್ಸು ಬಂದೆ.

ಸೋಮವಾರ ಬೆಳಿಗ್ಗೆ ಸರಿಸಿದೆ. ಎಷ್ಟು ಸರಿಸಬೇಕೆಂಬ ಅಂಕಿಯನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ತೆಗೆದೆ, ಆ ವಿದ್ಯೆ ಗೊತ್ತೇ ಇತ್ತು. ಹಸಿರು ಗೆರೆಯನ್ನು ಕಳೆದ ಮೇಲೆ ಸರಿಸಿದ್ದರಿಂದ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಒರಟನ್ನು ನಯ ಮಾಡಿದೆ, ಕಿರಿದಾದ ತಗ್ಗು ಅಗಲವಾಯಿತು, ಪಕ್ಕದ ಸಣ್ಣ ಸಣ್ಣ ತಗ್ಗುಗಳು ಮಾಯವಾದವು. ಪುಸ್ತಕದ ನಕ್ಷತ್ರದ ಮೇಲೆ ಇಟ್ಟರೆ ಕೈಗೆ ಗ್ಲೌಸು ಹಾಕಿದ ಹಾಗೆ ಕೂತಿತು. ಮಾರ್ಗದರ್ಶಕರು "ನೋಡಿದಿ?" ಅಂದು ಸಹಿ ಮಾಡಿದರು. ಮಾಮೂಲಿ ಜಾತಿಯದು ಅಂತ ಒಂದು ಸಣ್ಣ ವರದಿ ಹೊರಗೆ ಹೋಯಿತು. ಮೊದಲ ಹೆಸರು ನನ್ನದೇ.

ಆಮೇಲೆ ನಾನು ಮಾಡಿದ್ದನ್ನು ಯಾರೂ ಮಾಡು ಅನ್ನಲಿಲ್ಲ. ನನ್ನ ಪಾಳಿಯಲ್ಲಿ ಇನ್ನೂ ಅರ್ಧ ಗಂಟೆ ಉಳಿದಿತ್ತು. ಮೂಲ ಫೈಲು ಪರದೆಯ ಮೇಲೆ ಕಾಣುತ್ತಿತ್ತು. ಅದನ್ನು ನೋಡಿದಷ್ಟೂ ಮೈ ಉರಿಯುತ್ತಿತ್ತು. ಕಂಪ್ಯೂಟರಿನಲ್ಲಿ ಜಾಗ ಕಡಿಮೆ, ಸಹಿ ಆದ ಮೇಲೆ ರಫ್ ಫೈಲು ತೆಗೆಯುವುದು ನಾವು ನಾಲ್ವರೂ ಮಾಡಿಕೊಂಡು ಬಂದ ರೂಢಿ. ಫೇರ್ ಬೇಕಲ್ಲವೇ ನಿಮಗೆ, ತಗೊಳ್ಳಿ ಫೇರ್, ಅಂತ ಮನಸ್ಸಿನಲ್ಲೇ ಬೈದು, ಅಳಿಸಲೇ ಎಂದು ಯಂತ್ರ ಕೇಳಿದ್ದಕ್ಕೆ ಹೌದು ಅಂತ ಒತ್ತಿದೆ. ಟೇಪನ್ನು ಅದೇ ವಾರ ವೀಕ್ಷಣಾಲಯಕ್ಕೆ ವಾಪಸ್ಸು ಕಳಿಸಿದೆ.

ಪ್ರಬಂಧ ಒಪ್ಪಿಗೆಯಾಯಿತು, ಹೆಸರಿನ ಹಿಂದೆ ಡಾಕ್ಟರ್ ಬಂತು, ಕಲಬುರಗಿಯಲ್ಲೇ ಕಾಲೇಜಿನ ನೌಕರಿ ಸಿಕ್ಕಿತು, ಮದುವೆಯಾಯಿತು. ಕೆಲವು ವರ್ಷಗಳ ಮೇಲೆ ಒಂದು ಸಂಜೆ ಸೂಪರ್ ಮಾರ್ಕೆಟ್ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಇ-ಮೇಲ್ ತೆರೆದೆ. ಪರದೇಶದ ಒಬ್ಬರು ಬರೆದಿದ್ದರು. ಬಹಳ ಮರ್ಯಾದೆಯ ಕಾಗದ. ನಮ್ಮ ನಕ್ಷತ್ರವನ್ನು ಅವರೂ ನೋಡಿದ್ದರು, ಆದರೆ ಒಂಬತ್ತನೇ ದಿನದಿಂದ. ಸಿಲಿಕಾನ್ ತಗ್ಗು ಬಹಳ ಕೆಂಪಿನ ಕಡೆಗಿದೆ, ವೇಗ ಅರ್ಧಕ್ಕರ್ಧ ಕಡಿಮೆ, ಇದೊಂದು ವಿಚಿತ್ರ ಜಾತಿ, ಇಂಥವು ಇನ್ನೂ ಒಂದೆರಡು ಸಿಕ್ಕಿವೆ ಅಂತ ಇತ್ತು. ನಿಮ್ಮ ಮೂರನೇ ದಿನದ ವರದಿ ಇದಕ್ಕೆ ಹೊಂದುತ್ತಿಲ್ಲ, ಎಲ್ಲೋ ತಪ್ಪಾಗಿರಬೇಕು, ಅಷ್ಟು ಮುಂಚಿನ ಬೆಳಕು ಜಗತ್ತಿನಲ್ಲಿ ಬೇರೆ ಯಾರ ಬಳಿಯೂ ಇಲ್ಲ, ದಯವಿಟ್ಟು ಮೂಲ ಫೈಲು ಕಳಿಸಿ ಅಂತ ಕೇಳಿದ್ದರು.

ಅಂಗಡಿಯಿಂದ ಹೊರಗೆ ಬಂದು ಆಟೋ ಹಿಡಿಯದೆ ನಡೆದೆ. ಸಿಟ್ಟಿಗೆ ಕಾಲು ನೋವು ಗೊತ್ತಾಗಲಿಲ್ಲ. ಮರುದಿನ ವೀಕ್ಷಣಾಲಯಕ್ಕೆ ಫೋನು ಮಾಡಿದೆ. ಟೇಪಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ, ಓದುವ ಯಂತ್ರವೂ ಕೆಟ್ಟಿದೆ ಅಂದರು. ಆ ಭಾನುವಾರ ಮಾರ್ಗದರ್ಶಕರ ಮನೆಗೆ ಹೋದೆ. ಅವರು ನಿವೃತ್ತರಾಗಿದ್ದರು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಕಾಗದದ ಪ್ರಿಂಟನ್ನು ಅವರ ಕೈಗೆ ಕೊಟ್ಟು ನಿಂತೇ ಇದ್ದೆ. ಎರಡು ಸಲ ಓದಿದರು.

"ರಫ್ ಫೈಲ್ ಕಳಿಸಿಬಿಡು," ಅಂದರು.

"ಇಲ್ಲ ಸರ್. ಅಳಿಸೀನಿ."

"ಯಾಕ ಅಳಿಸಿದಿ?"

ಅವರು ಎದ್ದು ಒಳಗೆ ಹೋಗಿ, ಮಂಚದ ಕೆಳಗಿಂದ ಒಂದು ತಗಡಿನ ಟ್ರಂಕು ಎಳೆದು ತೆರೆದರು. ತುಂಬ ರಫ್ ಬುಕ್ಕುಗಳು. ಅವರ ಕಾಲೇಜಿನ ದಿನದಿಂದ ಹಿಡಿದು ಕೊನೆಯ ವರ್ಷದವರೆಗೆ, ಒಂದನ್ನೂ ಬಿಟ್ಟಿರಲಿಲ್ಲ. ಪೆನ್ಸಿಲಿನ ಅಕ್ಷರ ಮಾಸಿದ ಕಡೆ ಮೇಲೆ ಮತ್ತೆ ತಿದ್ದಿದ್ದರು. ಹೊಂದದ ಅಳತೆಗಳ ಸುತ್ತ ದುಂಡಗೆ ಗುರುತು ಮಾಡಿದ್ದರು.

"ಇವು ಯಾಕ ಇಟ್ಟೀರಿ ಸರ್?"

"ಇವೇ ಖರೇವು ಅಲ್ಲೇನವಾ," ಅಂದರು, ಇದೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ.

"ಮತ್ತ ನಮಗ್ಯಾಕ ಹೇಳಲಿಲ್ಲ? ಇಷ್ಟು ವರ್ಷ ಹೊಂದಿಸು ಹೊಂದಿಸು ಅಂದ್ರಿ. ಇಟ್ಕೋ ಅಂತ ಒಂದು ಮಾತು ಯಾಕ ಅನ್ನಲಿಲ್ಲ?"

"ಅದನ್ನೂ ಹೇಳಬೇಕೇನು? ಸರಿಸು ಅಂತ ನಾ ಅಂದಿದ್ದೆ. ಅಳಿಸು ಅಂದಿರಲಿಲ್ಲ."

ಅವರ ಮನೆಯವರು ತಂದಿಟ್ಟ ಚಹಾ ಮುಟ್ಟದೆ ಎದ್ದು ಬಂದೆ. ಅಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ. ತನಗೊಂದು ಟ್ರಂಕು ಇಟ್ಟುಕೊಂಡು, ನಮಗೆ ನೀಲಿ ಶಾಯಿಯನ್ನು ಮಾತ್ರ ಕಲಿಸಿದ ಮನುಷ್ಯ. ನಮ್ಮ ಊರಿನವರ ಅಳತೆಯನ್ನು ಯಾರೂ ನಂಬುವುದಿಲ್ಲ ಎಂದು ಅವರೇ ಮೊದಲು ನಂಬಿದ್ದರು. ಆದರೆ ಅವರು ಹೇಳಿದ ಕೊನೆಯ ಮಾತು ಖರೆ. ಅಳಿಸಿದ್ದು ನನ್ನ ಬೆರಳು, ಅದೂ ಸಿಟ್ಟಿನ ಭರದಲ್ಲಿ.

ಪರದೇಶದವರಿಗೆ ಉತ್ತರ ಬರೆಯಲು ಒಂದು ವಾರ ಹಿಡಿಯಿತು. ಸುಳ್ಳು ಹೇಳಲು ಬೇಕಾದಷ್ಟು ದಾರಿಗಳಿದ್ದವು, ವೈರಸ್ ಬಂತು ಅಂದಿದ್ದರೂ ನಂಬುತ್ತಿದ್ದರು. ಇದ್ದದ್ದನ್ನೇ ಬರೆದೆ. ಅಳತೆ ಸರಿಯಾಗಿತ್ತು, ಹಸಿರು ಗೆರೆ ನೋಡಿದ್ದೆ, ತಗ್ಗು ನಿಮಗೆ ಕಂಡ ಕಡೆಯಲ್ಲೇ ನನಗೂ ಕಂಡಿತ್ತು, ಆಮೇಲೆ ನಾನು ಅದನ್ನು ಸರಿಸಿದೆ, ಮೂಲವನ್ನು ಅಳಿಸಿದೆ. ಎಷ್ಟು ಸರಿಸಿದ್ದೆನೆಂಬ ಅಂಕಿ ನೆನಪಿದೆ, ಬೇಕಾದರೆ ಅಷ್ಟೇ ಹಿಂದಕ್ಕೆ ಸರಿಸಿ ಕಳಿಸುತ್ತೇನೆ ಅಂತಲೂ ಬರೆದೆ. ಬರೆಯುವಾಗ ಆ ಮಾತು ಎಷ್ಟು ಹಾಸ್ಯಾಸ್ಪದ ಎಂದು ನನಗೇ ಗೊತ್ತಾಗುತ್ತಿತ್ತು. ಆದರೂ ತೆಗೆಯಲಿಲ್ಲ.

ಅವರ ಉತ್ತರ ಎರಡೇ ಸಾಲು. ಪ್ರಾಮಾಣಿಕವಾಗಿ ಬರೆದದ್ದಕ್ಕೆ ಧನ್ಯವಾದ, ಒಮ್ಮೆ ಸರಿಸಿದ್ದನ್ನು ಬಳಸಲು ಬರುವುದಿಲ್ಲ, ಕ್ಷಮಿಸಿ. ಅವರ ಲೇಖನ ಆಮೇಲೆ ಬಂತು. ಕೊನೆಯಲ್ಲಿ ಬೆಳಕು ಹಿಡಿದ ದಿನಗಳ ಒಂದು ಪಟ್ಟಿ ಇದೆ. ನಾನು ಅದನ್ನು ಎಷ್ಟು ಸಲ ತೆರೆದು ನೋಡಿದ್ದೇನೋ ಲೆಕ್ಕವಿಲ್ಲ. ಅದು ಒಂಬತ್ತನೇ ದಿನದಿಂದ ಶುರುವಾಗುತ್ತದೆ.